ಖಾಲಿ ಉಳಿದ ನೇಪಾಳದ ಚೌಕ

೧೯೬೪ರ ಮಾತು. ಬಿ.ಎ. ಮುಗಿಸಿ ಜಯನಗರದ ಒಂದು ಪುಟ್ಟ ಶಾಲೆಯಲ್ಲಿ ಒಂದನೇ ತರಗತಿಯ ಟೀಚರಾಗಿ ಸೇರಿ ನಾಲ್ಕು ತಿಂಗಳಾಗಿತ್ತು. ಅಕ್ಟೋಬರಿನ ವಿಶ್ವಸಂಸ್ಥೆ ದಿನಕ್ಕೆ ಮಕ್ಕಳಿಗೆ ದೇಶಗಳ ಹೆಸರು, ಬಾವುಟ ಕಲಿಸಬೇಕಿತ್ತು.

ಭಾನುವಾರವಿಡೀ ಕೂತು ಕಾಗದದ ಪುಟ್ಟ ಬಾವುಟಗಳಿಗೆ ಬಣ್ಣ ಹಚ್ಚಿ, ಬೆನ್ನಿಗೆ ಮೈದಾ ಅಂಟು ಬಳಿದು ಒಣಗಿಸಿದೆ. ತರಗತಿಯಲ್ಲಿ ಒದ್ದೆ ಬಟ್ಟೆ ಒತ್ತಿದರೆ, ಪ್ರತಿ ಮಗುವಿಗೂ ಕೊಟ್ಟ ಇಪ್ಪತ್ತು ಚೌಕಗಳ ಹಾಳೆಗೆ ಅಂಟಿಕೊಳ್ಳುತ್ತಿದ್ದವು. ಜಿರಲೆ ತಿನ್ನದಿರಲೆಂದು ಅಂಟಿಗೆ ಮೈಲುತುತ್ತದ ನೀಲಿ ಪುಡಿ ಬೆರೆಸಿದ್ದೆ. ಪುಸ್ತಕಕ್ಕೆ ರಟ್ಟು ಕಟ್ಟುವಾಗ ನಮ್ಮ ತಂದೆ ಹಾಗೇ ಮಾಡುತ್ತಿದ್ದರು. ಎಷ್ಟು ಹಾಕಬೇಕೆಂದು ಮಾತ್ರ ಅವರನ್ನು ಕೇಳಲಿಲ್ಲ.

"ಎಲ್ಲಾ ಇಪ್ಪತ್ತು ದೇಶಾನೂ ಮೊದಲು ಅಂಟಿಸಿ ಹೆಸರು ಹೇಳಿದೋರು ನಮ್ಮ ಬಾವುಟ ಹಿಡ್ಕೊಂಡು ಮೆರವಣಿಗೆ ಮುಂದೆ ನಡೀಬೇಕು," ಎಂದೆ.

ಬೆಂಚಿಗೆ ಒಂದೇ ಒದ್ದೆ ಬಟ್ಟೆ. ಅದಕ್ಕಾಗಿ ಕಿತ್ತಾಟ. ಯಡಿಯೂರಿನ ದ್ರಾಕ್ಷಿ ತೋಟದವರ ಮಗಳು, ಆರು ವರ್ಷದ ರತ್ನ, ಬಟ್ಟೆಗೆ ಕಾಯಲಿಲ್ಲ. ಹಿಂದಿನ ವಾರ ನಾನು ತರಗತಿಯಲ್ಲೇ ಸ್ಟಾಂಪು ನೆಕ್ಕಿ ಕವರಿಗೆ ಅಂಟಿಸಿದ್ದನ್ನು ಅವಳು ನೋಡಿದ್ದಳು.

ಸ್ವಲ್ಪ ಹೊತ್ತಿಗೆ ಎದ್ದು ಬಂದಳು. ತುಟಿಯ ತುದಿ ನೀಲಿ.

"ಯಾವ ದೇಶ ತಿಂದ್ಬಿಟ್ಟೆ ರತ್ನ?" ಎಂದೆ.

"ಜಪಾನು ತುಂಬಾ ಕಹಿ ಮಿಸ್."

ಮಕ್ಕಳೆಲ್ಲ ನಕ್ಕರು. ನಾನೂ ನಕ್ಕೆ. ಅವಳು ಹೋಗಿ ಮತ್ತೆ ಕೂತಳು.

ಹತ್ತು ನಿಮಿಷದಲ್ಲಿ ಹೊಟ್ಟೆ ಹಿಡಿದುಕೊಂಡು ಬಗ್ಗಿದಳು. ವಾಂತಿಯ ಬಣ್ಣ ನೋಡಿ ಆಯಾ ಮುನಿಯಮ್ಮ ಪೊರಕೆ ಎಸೆದು ಓಡಿಬಂದಳು. "ಅಯ್ಯೋ, ಮೈಲುತುತ್ತ ಟೀಚರಮ್ಮ! ದ್ರಾಕ್ಷಿ ಬಳ್ಳಿಗೆ ಹೊಡೆಯೋದು. ತೋಟದಾಗೆ ಏನೋ ಬಾಯಿಗೆ ಹಾಕ್ಕೊಂಡು ಬಂದವ್ಳೆ!"

ಅಂಟಿಗೆ ನಾನು ಬೆರೆಸಿದ್ದೂ ಅದೇ. ಉಳಿದ ಮಕ್ಕಳ ಕೈಯಿಂದ ಬಾವುಟಗಳನ್ನೆಲ್ಲ ಕಿತ್ತುಕೊಂಡೆ. ಮುನಿಯಮ್ಮ ಪಕ್ಕದ ಮನೆಯಿಂದ ಹಾಲು ತಂದು ಕುಡಿಸಿದಳು. ಜಟಕಾ ಸಿಕ್ಕಿತು. ಆಗಿನ ಜಯನಗರದಲ್ಲಿ ಮನೆಗಿಂತ ಖಾಲಿ ಸೈಟುಗಳೇ ಹೆಚ್ಚು. ಆಸ್ಪತ್ರೆಯ ದಾರಿ ಮುಗಿಯಲೇ ಇಲ್ಲ. ನನ್ನ ಮಡಿಲಲ್ಲಿ ತಣ್ಣಗಾಗುತ್ತಿದ್ದ ಮಗು ಕಣ್ಣು ತೆರೆಯದೆ ಹೇಳಿತು:

"ಮಿಸ್, ನೇಪಾಳ ಒಂದೇ ಉಳೀತು."

ಡಾಕ್ಟರು ಹೊಟ್ಟೆ ತೊಳೆದರು. ಸಂಜೆಗೆ ರತ್ನ ನೀರು ಕೇಳಿದಳು. "ಇನ್ನು ಭಯವಿಲ್ಲ," ಎಂದರು.

ವರಾಂಡದಲ್ಲಿ ಅವಳ ಅಪ್ಪ ತಲೆಯ ಟವೆಲು ತೆಗೆದು ನನಗೆ ಕೈಮುಗಿದರು. "ನಮ್ದೇ ತಪ್ಪು ಟೀಚರಮ್ಮ. ಆ ಹಾಳು ಔಸ್ದಿ ಮನೇಲಿಟ್ಟಿದ್ದಕ್ಕೆ ಅವ್ಳ ತಾಯಿಗೆ ಸರ್ಯಾಗಿ ಬೈದು ಬಂದಿವ್ನಿ. ನೀವಿಲ್ದಿದ್ರೆ ನನ್ ಮಗ್ಳು ಉಳೀತಿರ್ಲಿಲ್ಲ."

ಅಲ್ಲ, ಅದು ನಾನು ಕಲಸಿದ್ದು ಎಂದು ಹೇಳಲು ಬಾಯಿ ತೆರೆದೆ. "ಇರಲಿ ಬಿಡಿ," ಎಂದೆ. ಇಪ್ಪತ್ಮೂರು ವರ್ಷದ ನನಗೆ ಕೆಲಸ ಹೋದೀತೆಂಬ ಭಯ.

ವಾರದ ಮೇಲೆ ರತ್ನ ಬಂದಳು. ಆಚರಣೆ ಮುಗಿದಿತ್ತು. "ನೇಪಾಳ ಕೊಡಿ ಮಿಸ್, ನೀರಲ್ಲೇ ಅಂಟಿಸ್ತೀನಿ," ಎಂದಳು. ಬಾವುಟಗಳನ್ನೆಲ್ಲ ಸುಟ್ಟುಬಿಟ್ಟಿದ್ದೆ. ಅವಳ ಹಾಳೆಯೊಂದನ್ನು ಮಾತ್ರ ಸುಡಲು ಕೈ ಬರಲಿಲ್ಲ. ಇಂದಿಗೂ ನನ್ನ ಟ್ರಂಕಿನಲ್ಲಿದೆ. ಅದನ್ನು ತೆಗೆದಾಗಲೆಲ್ಲ ನನಗೆ ಮೊದಲು ಕೇಳಿಸುವುದು ಆ ದಿನ ನಾನು ನಕ್ಕ ನಗು. ಆಮೇಲೆ ನೆನಪಾಗುವುದು, ನಾನು ಒಮ್ಮೆಯೂ ಮುಖ ನೋಡದ, ಮಾಡದ ತಪ್ಪಿಗೆ ಬೈಸಿಕೊಂಡ ಆ ತಾಯಿ.