ಪಟ್ಟಕ್ಕೇರಿದ ಪಿಂಗಾಣಿ

ಚಂದದ ಕಪ್ಪಿಗೂ ಕಾಫಿಗೂ ಅದೇಕೋ ಎಣ್ಣೆ ಸೀಗೆಕಾಯಿ ಸಂಬಂಧ. ನೀವೂ ಗಮನಿಸಿರಬಹುದು, ಅಂಚಿನ ಚಕ್ಕೆ ಎದ್ದ, ಯಾವುದೋ ಬ್ಯಾಂಕಿನ ಹೆಸರು ಅರ್ಧ ಅಳಿಸಿಹೋದ ಮಗ್ಗು ದಿನವಿಡೀ ದುಡಿಯುತ್ತದೆ. ಹೂಬಳ್ಳಿ ಬರೆಸಿಕೊಂಡ ಪಿಂಗಾಣಿ ಸುಂದರಿ ಮಾತ್ರ ಗಾಜಿನ ಕಪಾಟಿನೊಳಗೆ ಅಂತಃಪುರವಾಸಿನಿಯಾಗಿ ಕುಳಿತು, ಯಾರ ತುಟಿಯನ್ನೂ ಕಾಣದೆ ಕಾಲ ಕಳೆಯುತ್ತಾಳೆ. ಸ್ವೀಡನ್ನಿನ ಉಪ್ಸಾಲಾದ ನಮ್ಮ ಮನೆಯಲ್ಲೂ ಇಂಥದೊಂದು ಅಂತಃಪುರವಿದೆ. ಅದರ ಮಹಾರಾಜ ನಾನೆಂದು ತಿಳಿಯಬೇಡಿ. ನಾನು ವಾರಕ್ಕೊಮ್ಮೆ ಧೂಳೊರೆಸುವ ಊಳಿಗದವನು.

ಒಡತಿ ನನ್ನ ಹೆಂಡತಿ ಮಾಲಿನಿ. ಇಲ್ಲಿಯವರು ಲೊಪ್ಪಿಸ್ ಎನ್ನುವ ಹಳೇ ಸಾಮಾನಿನ ಸಂತೆಗೆ ಸೈಕಲ್ಲೇರಿ ಹೋಗಿ, ಮನುಷ್ಯರ ಚಿತ್ರವಿರುವ ಚೀನೀ ಕಪ್ಪುಗಳನ್ನು ಆರಿಸಿ ತರುವುದು ಅವಳ ವ್ರತ. ಮಾರುವವರ ಬಾಯಲ್ಲಿ ಎಲ್ಲ ಕಪ್ಪುಗಳೂ ಮುತ್ತಜ್ಜಿಯ ಕಾಲದವು. ಹಿಂದೆ ಈ ದೇಶದ ಹಡಗುಗಳು ಅರ್ಧ ಭೂಮಂಡಲ ಸುತ್ತಿ ಚೀನಾಕ್ಕೆ ಹೋಗುತ್ತಿದ್ದುದೂ, ನೀರು ತಾಗಿದರೂ ಕೆಡದ ಪಿಂಗಾಣಿಯನ್ನು ತಳದಲ್ಲಿ ಹೇರಿ ಅದರ ಮೇಲೆ ಚಹಾದ ಪೆಟ್ಟಿಗೆಗಳನ್ನು ಇಟ್ಟು ತರುತ್ತಿದ್ದುದೂ ನಿಜವೇ. ಆ ಚಹಾ ಎಂದೋ ಕುಡಿದು ಮುಗಿಯಿತು, ಕಪ್ಪು ಉಳಿಯಿತು. ನಮ್ಮವುಗಳಲ್ಲಿ ಹಡಗಿನ ವಂಶದವು ಯಾವುವು, ಮೊನ್ನೆ ಮೊನ್ನೆ ಕಾರ್ಖಾನೆಯಿಂದಿಳಿದವು ಯಾವುವು ಎಂಬುದು ನನ್ನ ಕಣ್ಣಿಗೆ ತಿಳಿಯದು. ಮಾಲಿನಿಗೆ ಅವುಗಳ ಜಾತಕ ಬೇಕಿಲ್ಲ. ಗಾಳ ಹಾಕಿ ತೂಕಡಿಸುವ ಮುದುಕ, ಸೇತುವೆಯ ಮೇಲೆ ಪಿಸುಗುಟ್ಟುವ ಇಬ್ಬರು ಹೆಂಗಸರು: ಬರೆದವನು ಇವರನ್ನು ಕೊಳ್ಳುವವರ ಮುಖ ಕಂಡವನಲ್ಲ, ಆದರೂ ಆ ಹೆಂಗಸರು ಯಾರ ಮನೆಯ ಮಾತಾಡುತ್ತಿದ್ದಾರೆಂದು ನಮಗೆ ಗೊತ್ತು. ಒಂದೊಂದು ಕಪ್ಪು ಹಿಡಿಯುವುದು ಮಾತ್ರ ನಾಲ್ಕೇ ಗುಟುಕು. ಮೂಗಿಗಿಂತ ಮೂಗುತಿ ಭಾರ.

ದಸರೆ ಬಂತು. ಮಾಲಿನಿ ಮೈಸೂರಿನವಳು, ತವರಿನ ಗೊಂಬೆಗಳೆಲ್ಲ ಹಿರಿಮಗಳ ಹಕ್ಕೆಂದು ಅವಳ ಅಕ್ಕನ ಮನೆ ಸೇರಿವೆ, ಹೊಸವನ್ನು ತರೋಣವೆಂದರೆ ಪ್ರತಿ ಸಲವೂ ಸೂಟ್‌ಕೇಸಿನ ತೂಕದಲ್ಲಿ ಚಟ್ನಿಪುಡಿಯೇ ಗೆಲ್ಲುತ್ತದೆ. ನಮ್ಮ ಮನೆಯಲ್ಲೇಕೆ ಗೊಂಬೆಯಿಲ್ಲ ಎಂದು ಮಗಳು ಅನ್ವಿ ಈ ವರ್ಷ ಸ್ವೀಡಿಷ್‌ನಲ್ಲಿ ಕೇಳಿದ್ದಕ್ಕೆ ಇವಳು ಕನ್ನಡದಲ್ಲಿ ನಿರ್ಧರಿಸಿಬಿಟ್ಟಳು: ಕಪ್ಪಿನ ಮೇಲೆ ಮನುಷ್ಯರಿದ್ದಾರಲ್ಲ, ಅವರೇ ಗೊಂಬೆಗಳು. ಪುಸ್ತಕದ ಪೆಟ್ಟಿಗೆಗಳ ಮೇಲೆ ಹಲಗೆ ಬಂದವು, ಹಲಗೆಯ ಮೇಲೆ ನನ್ನ ಮದುವೆಯ ಬಿಳಿ ಪಂಚೆ. ಮೇಲಿನ ಮೆಟ್ಟಿಲಲ್ಲಿ, ಪಟ್ಟದ ಗೊಂಬೆಗಳ ಜಾಗದಲ್ಲಿ, ಗಡ್ಡದ ಹಿರಿಯನಿರುವ ಕಪ್ಪು ರಾಜನಾಯಿತು, ಬೀಸಣಿಗೆ ಹಿಡಿದವಳ ಕಪ್ಪು ರಾಣಿಯಾಯಿತು.

ಇಲ್ಲಿಯ ಕನ್ನಡಿಗರಿಗೆಲ್ಲ ಹಿರಿಯರು ಪದ್ಮಕ್ಕ. ಅವರ ಮನೆಯ ಗೊಂಬೆಗಳಿಗೆ ಒಂದಿಡೀ ಕೋಣೆ ಸಾಲದು. ಹಬ್ಬದ ವಿಷಯದಲ್ಲಿ ಅವರ ಮಾತೇ ಶಾಸನ. ಕರೆಯಲು ಮಾಲಿನಿ ಫೋನು ಮಾಡಿ ಕಪ್ಪುಗಳ ಸಂಗತಿ ಹೇಳಿದರೆ, ಕುಡಿಯುವ ಪಾತ್ರೆಗೆ ಆರತಿ ಎತ್ತಿದರೆ ಅದು ಗೊಂಬೆ ಹಬ್ಬವಲ್ಲ, ಪಾತ್ರೆ ಅಂಗಡಿ ಎಂದುಬಿಟ್ಟರು. ಮಾಲಿನಿ ನಕ್ಕಳೇನೋ ಸರಿ, ಆದರೆ ಫೋನಿಟ್ಟ ಮೇಲೆ ರಾಣಿಯನ್ನು ಕೆಳಗಿಳಿಸಿದಳು, ಬಹಳ ಹೊತ್ತು ಕೈಯಲ್ಲೇ ಹಿಡಿದಿದ್ದು ಮತ್ತೆ ಮೇಲಿಟ್ಟಳು. ಪದ್ಮಕ್ಕ ಬಂದು ‘ಗೊಂಬೆ ಚೆನ್ನಾಗಿ ಕೂರಿಸಿದ್ದೀಯ’ ಎನ್ನಬೇಕು, ಅವಳಿಗೆ ಬೇಕಾಗಿದ್ದುದು ಅಷ್ಟೇ.

ಸಂಜೆ ಊರಿನ ಕನ್ನಡಿಗ ಹೆಂಗಸರು ಮಕ್ಕಳೊಡನೆ ಬಂದರು. ಪದ್ಮಕ್ಕನೂ ಬಂದರು, ಕುಂಕುಮ ಇಟ್ಟುಕೊಂಡರು, ಉಸಲಿಯನ್ನು ಹೊಗಳಿದರು, ಚಳಿಯನ್ನು ಬೈದರು. ಮೆಟ್ಟಿಲಿನತ್ತ ನೋಡಿ ಕಪ್ಪುಗಳು ಚೆನ್ನಾಗಿವೆ ಎಂದರೇ ಹೊರತು ಗೊಂಬೆ ಎಂಬ ಶಬ್ದ ಅವರ ಬಾಯಿಂದ ಜಾರಲಿಲ್ಲ. ಅಷ್ಟರಲ್ಲಿ ಬಂದರು ಕೆಳಗಿನ ಮನೆಯ ಲೆನ್ನಾರ್ಟ್, ನಿವೃತ್ತರು, ಸಂಭಾವಿತರು, ನಾನೇ ಕರೆದವರು. ಫೀಕಾ ಎನ್ನುವ ಕಾಫಿಕೂಟಕ್ಕೆ ಈ ದೇಶದಲ್ಲೊಂದು ಶಿಷ್ಟಾಚಾರವಿದೆ: ಕಪ್ಪುಗಳನ್ನು ಸಾಲಾಗಿ ಇಟ್ಟಿರುತ್ತಾರೆ, ನಮ್ಮದನ್ನು ನಾವೇ ಎತ್ತಿಕೊಂಡು ಕಾಫಿ ಬಗ್ಗಿಸಿಕೊಳ್ಳಬೇಕು, ಯಾರೋ ತಂದುಕೊಡಲಿ ಎಂದು ಕೂರುವುದು ಅಸಭ್ಯತೆ. ಬಿಳಿಯ ಬಟ್ಟೆ, ಸಾಲು ಸಾಲು ಕಪ್ಪು, ಪಕ್ಕದಲ್ಲೇ ಫಿಲ್ಟರ್ ಕಾಫಿಯ ಫ್ಲಾಸ್ಕು. ಆ ಸಭ್ಯ ಮನುಷ್ಯ ಇನ್ನೇನೆಂದು ತಿಳಿಯಬೇಕು? ನಾನು ಅವರ ಕೋಟನ್ನು ಗೂಟಕ್ಕೆ ಹಾಕಿ ತಿರುಗುವಷ್ಟರಲ್ಲಿ ಸಾಕ್ಷಾತ್ ರಾಜನನ್ನೇ ಎತ್ತಿ, ಕಾಫಿ ತುಂಬಿ, ಹಾಯಾಗಿ ಒಂದು ಗುಟುಕು ಹೀರಿದ್ದರು.

ಆರತಿ ಎತ್ತಿದ ಪಟ್ಟದ ಗೊಂಬೆ ಎಂಜಲಾಯಿತು! ಪದ್ಮಕ್ಕನ ಉಸಲಿ ಬಾಯಿಗೂ ತಟ್ಟೆಗೂ ನಡುವೆ ನಿಂತಿತು. ನಡೆದದ್ದೇನೆಂದು ಅನ್ವಿ ಸ್ವೀಡಿಷ್‌ನಲ್ಲಿ ವಿವರಿಸಿದ ಮೇಲಂತೂ ಲೆನ್ನಾರ್ಟರ ಕಿವಿ ಕೆಂಪಾಗಿ, ರಾಜನನ್ನು ಇಳಿಸಲೂ ಆಗದೆ ಕುಡಿಯಲೂ ಆಗದೆ ಕಂಬದ ಹಾಗೆ ನಿಂತರು. ಮಾಲಿನಿ ಖಾಲಿ ಜಾಗವನ್ನು ನೋಡಿದಳು, ಅವರ ಮುಖವನ್ನು ನೋಡಿದಳು. ಹಾಲು ಉಕ್ಕಿದಾಗ ಇವಳ ಮುಖ ಹೇಗಾಗುತ್ತದೆಂದು ಬಲ್ಲ ನಾನು ಮೆಲ್ಲಗೆ ಬಾಗಿಲಿನತ್ತ ಸರಿದೆ. ಆದರೆ ಅವಳು ನಕ್ಕುಬಿಟ್ಟಳು. ರಾಣಿಯನ್ನೂ ಕೆಳಗಿಳಿಸಿ, ಕಾಫಿ ತುಂಬಿ, ನೇರವಾಗಿ ಪದ್ಮಕ್ಕನ ಮುಂದೆ ಹಿಡಿದಳು.

“ರಾಜರು ಶುರು ಮಾಡಿಬಿಟ್ರು ಪದ್ಮಕ್ಕ. ರಾಣೀನ ಕಾಯಿಸಬಾರದು, ತಗೊಳ್ಳಿ.”

ಪದ್ಮಕ್ಕ ಕಪ್ಪನ್ನು ಕೈಗೆ ತೆಗೆದುಕೊಂಡರು. ಆಮೇಲೆ ತಲೆ ಹಿಂದಕ್ಕೆ ವಾಲಿಸಿ, ತುಟಿಗೆ ತಾಗಿಸದೆ, ಬಿಸಿ ಕಾಫಿಯನ್ನು ಎತ್ತರದಿಂದ ಗಂಟಲಿಗಿಳಿಸಿದರು; ರೇಷ್ಮೆ ಸೀರೆಯ ಮೇಲೆ ಒಂದು ತೊಟ್ಟೂ ಬೀಳಲಿಲ್ಲ. ಲೆನ್ನಾರ್ಟ್ ತಮ್ಮ ಅಪರಾಧವನ್ನೇ ಮರೆತು ಬಾಯ್ಬಿಟ್ಟುಕೊಂಡು ನೋಡಿದರು. ಅಲ್ಲಿಗೆ ಎಲ್ಲರ ಸಂಕೋಚವೂ ಮುಗಿಯಿತು. ಒಬ್ಬರು ಮೀನುಗಾರನನ್ನು ಎತ್ತಿಕೊಂಡರು, ಪಿಸುಮಾತಿನ ಹೆಂಗಸರಿಗಾಗಿ ಇಬ್ಬರು ಜಗಳವಾಡಿದರು, ಮಕ್ಕಳು ಬಾದಾಮಿ ಹಾಲಿಗೆ ಸಾಲುಗಟ್ಟಿದರು. ನೋಡನೋಡುತ್ತ ಮೆಟ್ಟಿಲುಗಳು ಬರಿದಾದವು. ಎಷ್ಟು ತಲೆಮಾರಿನಿಂದ ತಣ್ಣಗಿದ್ದವೋ, ಆ ಕಪ್ಪುಗಳಿಂದೆಲ್ಲ ಹಬೆ ಏಳುವುದನ್ನು ಕಂಡು ನನಗಾದ ಸಂತೋಷ ಅಷ್ಟಿಷ್ಟಲ್ಲ.

ಅದೇ ಗಳಿಗೆಗೆ ಮೈಸೂರಿನಿಂದ ಅತ್ತೆಯ ವಿಡಿಯೋ ಕರೆ. ಬರೀ ಬಟ್ಟೆ ಕಾಣುತ್ತಿದೆಯಲ್ಲ, ಗೊಂಬೆ ಎಲ್ಲಿ ಎಂದು ಅವರು ಕೇಳಿದರು. ಪದ್ಮಕ್ಕ ಕೈಚಾಚಿ ಫೋನು ತೆಗೆದುಕೊಂಡರು.

“ನಾನೂ ಎಷ್ಟೋ ವರ್ಷದಿಂದ ಗೊಂಬೆ ಕೂರಿಸ್ತಿದೀನಿ ಕಣ್ರೀ, ನಮ್ಮನೆಯವು ಸುಮ್ನೆ ಕೂತಿರ್ತವೆ. ನಿಮ್ಮ ಮಗಳ ಗೊಂಬೆಗಳು ನೋಡಿ, ಬಂದವರಿಗೆಲ್ಲ ಕಾಫಿ ಕೊಡ್ತಿವೆ.”

ಇನ್ನಷ್ಟು ಡಿಕಾಕ್ಷನ್ ಹಾಕುವ ನೆಪದಲ್ಲಿ ಮಾಲಿನಿ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತ ಅಡುಗೆಮನೆಗೆ ಓಡಿದಳು.