‘ಕಂಪ್ಲೀಟ್ ಆತ್ರಿ’ ಅಂದ ಮೇಲೆ

ನಮ್ಮ ಕಡೆ ‘ಮುಗಿಯಿತು’ ಅನ್ನುವವರು ಈಗ ಕಡಿಮೆ. ಊಟ ಕಂಪ್ಲೀಟ್, ರಾಶಿ ಕಂಪ್ಲೀಟ್, ಕಮರಿಪೇಟೆಯಲ್ಲಿರುವ ನಮ್ಮ ಅತ್ತೆಗೆ ಲಿಂಗಪೂಜೆಯೂ ಕಂಪ್ಲೀಟ್. ನಾನೂ ಅಂದವಳೇ. ಆದರೆ ಡ್ಯೂಟಿಯಲ್ಲಿ ಯಾರಾದರೂ ಹಾಗಂದರೆ ಈಗ ನನಗೆ ಮೈ ಉರಿಯುತ್ತದೆ.

ಹೆಬ್ಬಳ್ಳಿ ಕಡೆಯ ಒಂದು ಕರೆಂಟಿನ ಸಬ್‌ಸ್ಟೇಷನ್ನಿನಲ್ಲಿ ನಾನು ಆಪರೇಟರ್. ಲೈನ್‌ಮನ್ ಕಂಬ ಹತ್ತುವ ಮೊದಲು ನನಗೆ ಫೋನ್ ಮಾಡಿ ಲೈನ್ ಬಂದ್ ಮಾಡಿಸುತ್ತಾನೆ. ನಾನು ಸ್ವಿಚ್ ತೆಗೆದು, ಮಂದಿ ಕೆಲಸದಲ್ಲಿದ್ದಾರೆ ಎಂಬ ಕೆಂಪು ಬೋರ್ಡು ತೂಗುಹಾಕುತ್ತೇನೆ. ಬಂದ್ ಮಾಡಿಸಿದವನೇ ಮರಳಿ ಹೇಳುವವರೆಗೆ ಲೈನ್ ಬಿಡುವಂತಿಲ್ಲ. ಇದು ನಾನು ಕಲಿತ ಮೊದಲ ಪಾಠ.

ಆವತ್ತು ಮಧ್ಯಾಹ್ನ ಹೊಲದ ನಡುವೆ ತಂತಿ ಹರಿದಿತ್ತು. ನಮ್ಮ ಹಿರಿಯ ಲೈನ್‌ಮನ್ ಲೈನ್ ಬಂದ್ ಮಾಡಿಸಿ, ಜೊತೆಗಾರನೊಬ್ಬನನ್ನು ಕರೆದುಕೊಂಡು ಹೋಗಿದ್ದರು. ಇತ್ತ ಗೇಟಿನ ಹತ್ತಿರ ರೈತರು ಜಮಾಯಿಸಿದ್ದರು. ಪಂಪ್‌ಸೆಟ್ಟಿಗೆ ಕರೆಂಟು ಇರುವುದೇ ನಾಲ್ಕರವರೆಗೆ, ಮೆಣಸಿನ ಗಿಡ ಬಾಡುತ್ತಿವೆ. ಅವರ ಸಿಟ್ಟು ನ್ಯಾಯವಾದದ್ದೇ. ನನ್ನ ರೊಟ್ಟಿಯ ಡಬ್ಬಿ ಇನ್ನೂ ಬಿಚ್ಚಿರಲಿಲ್ಲ, ನನಗೂ ಸಿಟ್ಟಿತ್ತು.

ಎರಡು ಗಂಟೆಗೆ ಜೊತೆಗಾರನ ಫೋನ್ ಬಂತು.

"ಕಂಪ್ಲೀಟ್ ಆತ್ರಿ ಅಕ್ಕಾರ. ಲೈನ್ ಬಿಡ್ರಿ."

ಸುಳ್ಳು ಹೇಳಲಾರೆ. ನಾನು ಬೋರ್ಡು ತೆಗೆದೇಬಿಟ್ಟೆ. ಕೈ ಸ್ವಿಚ್ಚಿನ ಮೇಲಿತ್ತು. ಆಗ ಫೋನಿನಲ್ಲಿ ಗಾಜಿನ ಲೋಟಗಳ ಸದ್ದು ಕೇಳಿತು. ಆ ಹೊಲದ ಹತ್ತಿರ ಚಹಾದಂಗಡಿ ಎಲ್ಲಿದೆ? ಹಿರಿಯರ ಕೈಗೆ ಫೋನ್ ಕೊಡು ಎಂದೆ. ಅವರು ಕಂಬ ಇಳಿದದ್ದನ್ನು ಕಣ್ಣಾರೆ ನೋಡಿಯೇ ತಾನು ಹೊರಟದ್ದು, ಅವರು ಹಿಂದೆಯೇ ಬರುತ್ತಿರಬೇಕು ಎಂದ. ಬೋರ್ಡನ್ನು ಮತ್ತೆ ತೂಗುಹಾಕಿದೆ.

ಹಿರಿಯರಿಗೆ ಫೋನ್ ಮಾಡಿದೆ. ರಿಂಗಾಯಿತು, ಎತ್ತಲಿಲ್ಲ. ಐದು ಸಲ ಮಾಡಿದೆ. ಜೊತೆಗಾರನಿಗೆ ವಾಪಸ್ ಹೋಗಿ ನೋಡು ಎಂದು ಬೈದೆ.

ಅಷ್ಟರಲ್ಲಿ ಸುದ್ದಿ ಗೇಟಿಗೂ ಮುಟ್ಟಿತ್ತು. ಒಬ್ಬ ಅಜ್ಜ ಕಿಟಕಿಗೆ ಬಂದು ನಿಂತ. "ಕಂಪ್ಲೀಟ್ ಅಂತ ನಿಮ್ಮ ಮಂದೀನ ಹೇಳ್ಯಾರಲ್ಲ ತಂಗಿ, ಇನ್ನೇನು ಬೇಕು ನಿನಗ?" ಹಿಂದಿನಿಂದ ಯಾರೋ, ಹೆಣ್ಣುಮಕ್ಕಳನ್ನು ಇಂಥ ಕೆಲಸಕ್ಕೆ ಹಾಕಿದರೆ ಹೀಗೇ ಎಂದರು. ನಾನು ಕಿಟಕಿ ಮುಚ್ಚಿದೆ. ಗಡಿಯಾರ ನೋಡುತ್ತ ಕುಳಿತೆ. ಇಪ್ಪತ್ತು ನಿಮಿಷ. ಹಿರಿಯರು ಆರಾಮಾಗಿ ಮನೆಗೆ ಹೋಗಿ ಊಟಕ್ಕೆ ಕೂತಿದ್ದರೆ ನಾಳೆ ನನ್ನ ಮರ್ಯಾದೆ ಮೂರಾಬಟ್ಟೆ. ಹಾಗೇ ಆಗಿರಲಿ ದೇವರೇ ಎಂದು ಬೇಡಿಕೊಂಡೆ.

ಫೋನ್ ಬಂತು. ಹಿರಿಯರ ನಂಬರು, ದನಿ ಮಾತ್ರ ಜೊತೆಗಾರನದು. ಹಿರಿಯರ ಫೋನು ಅವರ ಬೈಕಿನ ಚೀಲದಲ್ಲಿ ಇತ್ತಂತೆ. ಮುಂದಿನ ಕಂಬದಲ್ಲಿ ತಂತಿ ಕೂರಿಸುವ ಪಿಂಗಾಣಿಯೊಂದು ಒಡೆದದ್ದು ಕಂಡು, ಅದನ್ನೂ ಬದಲಿಸಿಬಿಡೋಣ ಎಂದು ಹತ್ತಿದ್ದರಂತೆ.

"ಇನ್ನೂ ಮ್ಯಾಲ ಅದಾರ್ರಿ ಅಕ್ಕಾರ," ಎಂದ. "ತಂತಿ ಕೈಯಾಗ ಹಿಡದಾರ."

ಎದ್ದು ಹೋಗಿ ಕೆಂಪು ಬೋರ್ಡನ್ನು ಮುಟ್ಟಿ ನೋಡಿದೆ. ಕಿಟಕಿ ತೆರೆದು ಗೇಟಿನವರಿಗೆ ವಿಷಯ ಹೇಳಿದೆ. ಅಜ್ಜ ಟವೆಲಿನಿಂದ ಮುಖ ಒರೆಸಿಕೊಂಡು ಗಿಡದ ನೆರಳಿಗೆ ಹೋಗಿ ಕೂತ.

ಮೂರು ಗಂಟೆಯ ಹೊತ್ತಿಗೆ ಹಿರಿಯರೇ ಫೋನ್ ಮಾಡಿ, ಕೆಲಸ ಕಂಪ್ಲೀಟ್ ಎಂದರು. ಕಾಲು ಎಲ್ಲಿವೆ ಎಂದು ಕೇಳಿದೆ. ನಕ್ಕರು, ನೆಲದ ಮೇಲೆ ಎಂದರು. ಬೋರ್ಡು ತೆಗೆದೆ. ಸ್ವಿಚ್ಚಿಗೆ ಕೈ ಇಟ್ಟೆ, ತಿರುಗಿಸಲು ಆಗಲಿಲ್ಲ.

ಅವರು ಫೋನ್ ಇಟ್ಟಿರಲಿಲ್ಲ. "ಲೈನ್ ಬಿಡವ್ವಾ," ಎಂದರು. "ನಾ ಕೆಳಗ ಅದೇನಿ."