ಬೆಸುಗೆಯ ಹೊತ್ತಿಗೆ ಹೊರಗೆ

ನಮ್ಮದು ಭಾಲ್ಕಿಯ ಪತ್ತಾರರ ಮನೆ. ಬೆಳ್ಳಿ ಬಂಗಾರದ ಕೆಲಸ ಅಪ್ಪನದು, ಅಂಗಡಿಯ ಕಸ ಗುಡಿಸುವುದು ನನ್ನದು. ಆ ಕಸವನ್ನು ಹೊರಗೆ ಚೆಲ್ಲುವಂತಿರಲಿಲ್ಲ. ಅದರಲ್ಲಿ ಬಂಗಾರದ ಹುಡಿ ಇರುತ್ತದೆ, ನೀರಿನಲ್ಲಿ ತೊಳೆದು ತೊಳೆದು ತೆಗೆಯಬೇಕು. ಮದುವೆಯಾಗುವ ತನಕ ತೊಳೆದಿದ್ದೇನೆ. ಆದರೆ ಅಪ್ಪ ಬೆಸುಗೆ ಹಾಕಲು ಕೂತನೆಂದರೆ ನಾನು ಹೊರಗೆ ಹೋಗಬೇಕು. ಬೆಳ್ಳಿಗೆ ಹಿತ್ತಾಳೆ ಎಷ್ಟು ಬೆರೆಸಿದರೆ ಬೆಸುಗೆ ಗಟ್ಟಿಯಾಗಿ ಕೂಡುತ್ತದೆ ಎಂಬುದು ಮನೆಯ ಗುಟ್ಟು. ಹೆಣ್ಣುಮಗಳು ನಾಳೆ ಬೇರೆ ಮನೆಗೆ ಹೋಗುವವಳು, ಗುಟ್ಟನ್ನೂ ಸೆರಗಿಗೆ ಕಟ್ಟಿಕೊಂಡು ಹೋಗುತ್ತಾಳಂತೆ. ತಮ್ಮ ಮಾತ್ರ ಒಳಗೆ ಕೂತು ಆಕಳಿಸುತ್ತಿದ್ದ. ಅಕ್ಕಸಾಲಿ ಅಕ್ಕನ ಚಿನ್ನವನ್ನೂ ಬಿಡುವುದಿಲ್ಲ ಎಂದು ಊರವರು ಆಡಿಕೊಳ್ಳುತ್ತಾರೆ. ನಮ್ಮ ಮನೆಯ ಅಕ್ಕನ ಪಾಲಿಗೆ ಬಂದದ್ದು ಕಸಬರಿಗೆ.

ಈಗ ನಾನು ಔರಾದ ತಾಲ್ಲೂಕಿನ ಠಾಣಾ ಕುಶನೂರಿನಲ್ಲಿ ಶಾಲಾ ಶಿಕ್ಷಕಿ. ಅಪ್ಪನ ಕೈ ನಡುಗಲು ಶುರುವಾಗಿ ನಾಲ್ಕು ವರ್ಷವಾಯಿತು. ಹದಿನೈದು ವರ್ಷ ಪಕ್ಕದಲ್ಲಿ ಕೂತರೂ ತಮ್ಮನಿಗೆ ಒಂದು ಕೊಂಡಿ ಕೂಡಿಸಲು ಬರುವುದಿಲ್ಲ. ಸಿದ್ಧ ಒಡವೆ ತಂದು ಮಾರುತ್ತಾನೆ, ಮುರಿದದ್ದು ಬಂದರೆ ಬೇರೆಯವರ ಅಂಗಡಿಗೆ ಕಳಿಸುತ್ತಾನೆ. ಬೀದರದಲ್ಲಿ ಶನಿವಾರ, ಭಾನುವಾರ ಬೆಳ್ಳಿ ಒಡವೆ ಮಾಡುವುದನ್ನು ಕಲಿಸುತ್ತಾರೆ, ಯಾರು ಬೇಕಾದರೂ ಬರಬಹುದು ಎಂಬ ಸುದ್ದಿ ಮೊಬೈಲಿಗೆ ಬಂತು. ಶನಿವಾರಕ್ಕೆ ರಜೆ ಹಾಕಿದೆ. ಪತ್ತಾರರ ಮಗಳಿಗೆ ಕಲಿಸಲು ಇನ್ನೊಬ್ಬರು ಬೇಕೇ ಎಂದು ಗಂಡ ನಕ್ಕ. ನಾನು ನಗಲಿಲ್ಲ. ನನಗೆ ಬೇಕಾದದ್ದು ಒಂದೇ: ಅಪ್ಪ ಕಣ್ಣು ಮುಚ್ಚುವ ಮೊದಲು ನನ್ನ ಕೈಯ ಕೆಲಸ ನೋಡಬೇಕು, ನನ್ನದೆಂದು ತಿಳಿದೂ ಮೆಚ್ಚಬೇಕು.

ಕಲಿಯಲು ಬಂದವರು ಎಂಟು ಜನ, ನನ್ನನ್ನು ಬಿಟ್ಟರೆ ಎಲ್ಲ ಕಾಲೇಜು ಹುಡುಗಿಯರು. ಕಲಿಸುವವರು ಬೀದರದವರೇ ಆದ ವಯಸ್ಸಾದ ಉಸ್ತಾದರು. ಮೊದಲ ದಿನ ಬೆಳ್ಳಿ ತಂತಿ ಕತ್ತರಿಸಿ, ಅರದಿಂದ ಉಜ್ಜಿ, ಸಲಾಕೆಗೆ ಸುತ್ತಿ ಉಂಗುರಕ್ಕೆ ಬಗ್ಗಿಸಿದೆವು. ನೋಡಿ ನೋಡಿ ಗೊತ್ತಿದ್ದ ಕೆಲಸ, ಕೈ ತಾನಾಗಿ ಓಡಿತು. ಎರಡನೆಯ ದಿನ ಉಸ್ತಾದರು ಬೆಸುಗೆಗೆಂದು ಉಂಗುರದ ಸಂದಿಗೆ ಬಿಳಿಗಾರ ಸವರಿ ಬೆಂಕಿ ಹೊತ್ತಿಸಿದರು. ನಾನು ಎದ್ದೆ, ಚಪ್ಪಲಿ ಮೆಟ್ಟಿದೆ, ಪಡಸಾಲೆಗೆ ಹೋಗಿ ಗೋಡೆಗೆ ಮುಖ ಮಾಡಿ ನಿಂತೆ. ಹಾಗೆ ನಿಂತಿದ್ದೇನೆ ಎಂಬುದೇ ನನಗೆ ತಿಳಿದಿರಲಿಲ್ಲ. ಉಸ್ತಾದರು ಹಿಂದೆಯೇ ಬಂದರು.

"ಎಲ್ಲಿ ಹೊಂಟ್ರಿ ಬಾಯಿ? ಖರೇ ಕೆಲಸ ಈಗ ಶುರು ಆಗ್ತದರಿ."

ಏನು ಹೇಳಲಿ, ನನ್ನ ಕರ್ಮ. ಕಾಲು ಜೋಮು ಹಿಡಿದಿತ್ತು ಎಂದು ಸುಳ್ಳು ಹೇಳಿ ಒಳಗೆ ಬಂದೆ. ಬೇಳೆಗೆ ಉಪ್ಪೆಷ್ಟು ಎಂದು ಹೇಳುವ ಹಾಗೆ ಅವರು ಬೆಳ್ಳಿಗೆ ಹಿತ್ತಾಳೆ ಎಷ್ಟೆಂದು ಹೇಳಿಬಿಟ್ಟರು. ಹುಡುಗಿಯರು ಮೊಬೈಲಿನಲ್ಲಿ ರೆಕಾರ್ಡ್ ಮಾಡಿಕೊಂಡರು. ಇಷ್ಟೇ ಏನು? ಇಷ್ಟಕ್ಕೆ ಅಪ್ಪ ನನ್ನನ್ನು ಬಿಸಿಲಲ್ಲಿ ನಿಲ್ಲಿಸಿದ್ದನೇ? ಮೊದಲ ಉಂಗುರ ಸಿಟ್ಟಿಗೇ ಕರಗಿ ಗುಂಡಾಯಿತು. ಎರಡನೆಯದು ಕೂಡಿತು. ಉಸ್ತಾದರು ಅದರ ಮೇಲೆ ಉಗುರು ಆಡಿಸಿದರು, ಸಂದಿ ಸಿಗಲಿಲ್ಲ. ಇಷ್ಟು ದಿನ ಈ ಕೈ ಎಲ್ಲಿ ಇಟ್ಟಿದ್ದಿರಿ ಎಂದು ಕೇಳಿದರು.

ಸಂಜೆ ಮನೆಗೆ ಹೋಗದೆ ಭಾಲ್ಕಿ ಬಸ್ಸು ಹತ್ತಿದೆ. ಅಪ್ಪ ಅಂಗಡಿಯಲ್ಲಿ ತನ್ನ ಹಳೆಯ ಜಾಗದಲ್ಲೇ ಕೂತಿದ್ದ, ತಮ್ಮ ಗಲ್ಲಾಪೆಟ್ಟಿಗೆಯ ಹಿಂದೆ. ಉಂಗುರ ಅಪ್ಪನ ಅಂಗೈಯಲ್ಲಿಟ್ಟೆ. ಅಪ್ಪ ಕಣ್ಣಿಗೆ ಭೂತಗನ್ನಡಿ ಹಿಡಿದ, ನಡುಗುವ ಬೆರಳಲ್ಲಿ ಉಂಗುರವನ್ನು ಮೂರು ಸುತ್ತು ತಿರುಗಿಸಿದ.

"ಯಾರ ಕೈದು ಇದು? ಸಂದಿನೇ ಕಾಣವಲ್ದು."

"ನಂದೇ ಅಪ್ಪಾ."

ಭೂತಗನ್ನಡಿ ಕೆಳಗಿಳಿಯಿತು. ನಾನು ಬಾಗಿಲಿಗೆ ಸರಿದು ನಿಂತು ಕಾದೆ. ಯಾರು ಕಲಿಸಿದರು, ಎಲ್ಲಿ ಕಲಿತೆ ಎಂದು ಅಪ್ಪ ಎಲ್ಲ ಕೇಳಿದ, ನಾನು ಎಲ್ಲ ಹೇಳಿದೆ. ಕೈ ಚೆನ್ನಾಗಿದೆ ಎಂಬ ಒಂದು ಮಾತು ಬರಲಿಲ್ಲ.

"ಐತ್ವಾರಕ್ಕೊಮ್ಮೆ ಬಂದು ತಮ್ಮಗ ಕಲಿಸಿ ಹೋಗು," ಎಂದ. "ನನ್ನ ಕೈ ನಡೀವಲ್ವು. ಮನೀ ವಿದ್ಯಾ ಮನ್ಯಾಗ ಉಳೀತದ."

ತಮ್ಮ ಮೊಬೈಲಿನಿಂದ ತಲೆ ಎತ್ತಿ ಹೂಂಗುಟ್ಟಿದ. ಅಪ್ಪನಿಗೆ ಎಂದೂ ಎದುರಾಡದವಳು ಅಂದು ಬಾಯಿಬಿಟ್ಟೆ.

"ನಾ ಕಲಿಸಂಗಿಲ್ಲ."

ಅಪ್ಪ ಉಂಗುರವನ್ನು ನನ್ನ ಕೈಗೆ ಕೊಡಲಿಲ್ಲ, ನೆಲದ ಮೇಲಿಟ್ಟ. ನನ್ನ ಕಡೆ ನೋಡಲೂ ಇಲ್ಲ. ತಮ್ಮನ ಕಡೆ ತಿರುಗಿ, ಶಾಂತವಾಗಿಯೇ ಹೇಳಿದ:

"ನೋಡ್ದಿ? ಹೆಣ್ಮಕ್ಕಳಿಗೆ ಕಲಿಸಬಾರ್ದು ಅನ್ನೋದು ಇದಕ್ಕ."